ಮುಳುಗಡೆಯವಳ ಪಾಸ್‌ಪೋರ್ಟ್

ಕೊಪ್ಪಳದ ನಮ್ಮ ಬಡಾವಣೆಯ ಮೂಲೆಯಲ್ಲಿ ಒಂದು ಆನ್‌ಲೈನ್ ಅಂಗಡಿ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆ ವಿಮೆ, ರೈಲು ಟಿಕೆಟ್, ಎಲ್ಲಕ್ಕೂ ನಾವು ಓಡುವುದು ಅಲ್ಲಿಗೇ. ಹೋದ ಮೇ ತಿಂಗಳ ಒಂದು ಸಂಜೆ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಫ್ಯಾನಿನ ಕೆಳಗೆ ಕುರ್ಚಿ ಎಳೆದು ಕೂರಿಸಿ, ಅವಳ ಪಾಸ್‌ಪೋರ್ಟ್ ಅರ್ಜಿ ತುಂಬಿಸಲು ನಿಂತೆ.

ಜನ್ಮ ದಿನಾಂಕದ ಕೆಲಸ ಬೇಗ ಮುಗಿಯಿತು. ಆಧಾರ್ ಕಾರ್ಡಿನಲ್ಲಿ ಜನವರಿ 1, 1946 ಎಂದಿದೆ. ಅಂಗಡಿಯ ಹುಡುಗ ನಕ್ಕ. ಅವನ ಬಳಿಗೆ ಬರುವ ಅಜ್ಜ ಅಜ್ಜಿಯರಲ್ಲಿ ಮುಕ್ಕಾಲು ಪಾಲು ಜನ ಜನವರಿ 1ರಂದೇ ಹುಟ್ಟಿದವರಂತೆ. ಅವ್ವನ ಲೆಕ್ಕದಲ್ಲಿ ಅವಳು ಹುಟ್ಟಿದ್ದು ಕಾರಹುಣ್ಣಿಮೆಯ ಮರುದಿನ. ಅದನ್ನು ಬರೆಯಲು ಯಾವ ಅರ್ಜಿಯಲ್ಲೂ ಜಾಗವಿಲ್ಲ.

ತೊಡಕಾದದ್ದು ಅದರ ಮುಂದಿನ ಸಾಲಿನಲ್ಲಿ. "ಹುಟ್ಟಿದ ಊರು ಯಾವುದು ಅಜ್ಜಿ?" ಎಂದು ಹುಡುಗ ಕೇಳಿದ. ಅವ್ವ ಹೇಳಿದಳು. ಅವನು ಆ ಹೆಸರನ್ನು ಎಂದೂ ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಅಕ್ಷರ ತಪ್ಪಾದರೆ ಮುಂದೆ ತೊಂದರೆ ಎಂದು ಮೊಬೈಲ್ ತೆಗೆದು ನಕ್ಷೆಯಲ್ಲಿ ಹುಡುಕಿದ. ಬೇರೆ ಬೇರೆ ತಾಲ್ಲೂಕುಗಳ ಇಂಥದ್ದೇ ಹೆಸರಿನ ನಾಲ್ಕು ಊರುಗಳು ಬಂದವು, ಅವ್ವನ ಊರು ಬರಲಿಲ್ಲ. "ಎಲ್ಲಿ ಬರುತ್ತದೆ ಇದು?" ಎಂದ. "ಡ್ಯಾಮಿನಿಂದ ಮೇಲಕ್ಕೆ, ಹೊಳೆಯ ಈಚೆ ದಂಡೆಗೆ" ಎಂದಳು ಅವ್ವ. ಅವನು ಬೆರಳಿನಿಂದ ನಕ್ಷೆಯನ್ನು ತುಂಗಭದ್ರಾ ಡ್ಯಾಮಿರುವ ಮುನಿರಾಬಾದಿನಿಂದ ಮೇಲಕ್ಕೆ ಸರಿಸಿದ. ನೀಲಿ ಬಂತು. ಎರಡು ಬೆರಳಿಟ್ಟು ಹಿಗ್ಗಿಸಿದ. ಮತ್ತೂ ನೀಲಿ. ಇನ್ನಷ್ಟು ಹಿಗ್ಗಿಸಿದಾಗ ಇಡೀ ಪರದೆಯೇ ಒಂದು ನೀಲಿ ಹಲಗೆಯಂತಾಯಿತು.

"ಇಲ್ಲಿ ಬರೀ ನೀರಿದೆ ಅಜ್ಜಿ."

ಅವ್ವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಹೌದು, ಅಲ್ಲೇ" ಎಂದಳು.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಮೊಬೈಲ್ ತೆಗೆದು ಆ ನೀಲಿಯನ್ನು ಹಿಗ್ಗಿಸುತ್ತ ಕೂರುತ್ತೀರಿ.

ಇಷ್ಟಕ್ಕೆಲ್ಲ ಕಾರಣ ನನ್ನ ಮಗಳು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಮೊದಲ ಉಳಿತಾಯದಲ್ಲಿ ನಮ್ಮನ್ನು ವಿಮಾನ ಹತ್ತಿಸಬೇಕೆಂಬುದು ಅವಳ ಹಟ. ಅದೂ ಹೊರದೇಶಕ್ಕೆ, ಅದೂ ಕಡಲಿರುವ ಕಡೆಗೆ. ನಮಗೆ ಕಡಲು ಎಂದರೆ ಗೋಕರ್ಣ. ಹುಬ್ಬಳ್ಳಿಯಿಂದ ಘಟ್ಟ ಇಳಿದು ಹೋಗಿ, ಕಾಲು ತೋಯಿಸಿಕೊಂಡು, ಮಹಾಬಲೇಶ್ವರನಿಗೆ ಕೈಮುಗಿದು ಬಂದರೆ ಐದು ವರ್ಷಕ್ಕೆ ಸಾಕು. ಮಗಳು ಶ್ರೀಲಂಕಾ ಎಂದಳು, ಮಾರಿಷಸ್ ಎಂದಳು. ಶ್ರೀಲಂಕಾದಲ್ಲಿ ಗುಡ್ಡ ಹತ್ತಿ ಇಳಿಯುವುದೇ ಹೆಚ್ಚು, ಅವ್ವನ ಮಂಡಿಗೆ ಆಗದು. ಮಾರಿಷಸ್ ದೂರವಾಯಿತು. ಕೊನೆಗೆ ಉಳಿದದ್ದು ಮಾಲ್ಡೀವ್ಸ್. ಬೆಂಗಳೂರಿನಿಂದ ಎರಡು ಗಂಟೆಯ ಹಾರಾಟ. ನಮ್ಮ ಪಾಸ್‌ಪೋರ್ಟ್ ಇದ್ದವರು ಮೊದಲೇ ವೀಸಾ ಮಾಡಿಸಬೇಕಾಗಿಲ್ಲ. ಹೊರಡುವ ಮುನ್ನ 96 ಗಂಟೆಯೊಳಗೆ ಅವರ ಸರ್ಕಾರದ ಜಾಲತಾಣದಲ್ಲಿ ಒಂದು ಘೋಷಣೆ ತುಂಬಿದರಾಯಿತು. ಇನ್ನು ಕೊಪ್ಪಳದಿಂದ ಬೆಂಗಳೂರಿಗೆ ಹೋಗಲು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಬೇಕು. ಬಳ್ಳಾರಿ, ಗುಂತಕಲ್ಲು ಸುತ್ತಿಕೊಂಡು ಹೋಗುವ ನಮ್ಮ ರೈಲಿನ ಮುಂದೆ ಹಿಂದೂ ಮಹಾಸಾಗರವೇ ಹತ್ತಿರ.

"ಅಲ್ಲಿ ಏನಿದೆ?" ಎಂದು ಅವ್ವ ಕೇಳಿದಳು.

"ನೀರು ಅಜ್ಜಿ. ಸುತ್ತ ನೀರು, ನಡುವೆ ಸಣ್ಣ ಸಣ್ಣ ನಡುಗಡ್ಡೆ" ಎಂದಳು ಮಗಳು.

"ನೀರು ನೋಡುವುದಕ್ಕೆ ದುಡ್ಡು ಕೊಟ್ಟು ಹೋಗಬೇಕಾ?"

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಈ ಮಾತನ್ನು ಅವ್ವನ ಬಾಯಲ್ಲಿ ಹಿಂದೆಯೂ ಒಮ್ಮೆ ಕೇಳಿದ್ದೆ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ತುಂಗಭದ್ರಾ ಡ್ಯಾಮಿಗೆ ಹೋಗುವುದು ಇಪ್ಪತ್ತು ವರ್ಷದ ರೂಢಿ. ಮುನಿರಾಬಾದಿನ ಪಂಪಾವನದಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿಸುತ್ತೇನೆ. ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು, 1953ರಲ್ಲಿ ಮುಗಿಯಿತು, ಒಟ್ಟು 33 ಕ್ರೆಸ್ಟ್ ಗೇಟುಗಳು, ಆಗ ಹೊಳೆಯ ಆಚೆ ದಂಡೆ ಮದ್ರಾಸಿನದು, ಈಚೆ ದಂಡೆ ಹೈದರಾಬಾದಿನ ನಿಜಾಮನದು ಎಂದು ಬರೆಸುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಮಿರ್ಚಿ ತಿನ್ನುತ್ತಾರೆ, ನೀರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ವರ್ಷ ಅವ್ವನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಪ್ರವೇಶದ ಚೀಟಿ ಹರಿಯುವವನ ಮುಂದೆ ನಿಂತು ಇದೇ ಮಾತು ಹೇಳಿದಳು. ಅವನು, ಅಜ್ಜಿ ಚೌಕಾಸಿ ಮಾಡುತ್ತಿದ್ದಾಳೆ ಎಂದುಕೊಂಡ. ನಾನೂ ಹಾಗೆಯೇ ಎಂದುಕೊಂಡಿದ್ದೆ.

ಜಲಾಶಯಕ್ಕೆ ತೊಂಬತ್ತರಷ್ಟು ಹಳ್ಳಿಗಳು ಹೋದವು. "ಮುಳುಗಡೆ" ಎಂಬ ಪದ ನಮ್ಮ ಕಡೆ ಕ್ರಿಯೆಯೂ ಹೌದು, ಊರೂ ಹೌದು, ಜನವೂ ಹೌದು. "ಅವರು ಮುಳುಗಡೆಯವರು" ಎಂದರೆ ಬೇರೆ ವಿವರ ಬೇಡ. ಅವ್ವ ಊರು ಬಿಟ್ಟಾಗ ಏಳು ವರ್ಷದವಳು. ಅವಳ ನೆನಪಿನಲ್ಲಿ ನೀರು ನುಗ್ಗಿ ಬಂದದ್ದಿಲ್ಲ, ಗೋಳಾಟವಿಲ್ಲ. ಮನೆಯ ಬಾಗಿಲ ಚೌಕಟ್ಟನ್ನು ಕಿತ್ತು ಗಾಡಿಗೆ ಹೇರಿದ್ದು ಇದೆ, ಬಾಗಿಲಿಲ್ಲದ ಮನೆಯೊಳಗೆ ಮೇಕೆಯೊಂದು ಹೋಗಿ ಒಲೆಯ ಮೇಲೆ ನಿಂತಿದ್ದು ಇದೆ. ಆ ಮೇಕೆ ಯಾರದೆಂದೂ ಹೇಳುತ್ತಾಳೆ. ಒಂದೆರಡು ಬೇಸಿಗೆ ನೀರು ತೀರ ಇಳಿದಾಗ ಅವ್ವನ ಅಣ್ಣಂದಿರು ಹೋಗಿ ಗುಡಿಯ ಕಲ್ಲುಕಂಬ ನೋಡಿ ಬಂದಿದ್ದರಂತೆ. ಅವ್ವನನ್ನು ಕರೆದುಕೊಂಡು ಹೋಗಿರಲಿಲ್ಲ. ಕೆಸರು, ಹೆಣ್ಣುಮಗು, ಬೇಡ ಎಂದರಂತೆ.

ಅರ್ಜಿಯ ಮಾತಿಗೆ ಮರಳುತ್ತೇನೆ. ಊರು ಹೇಗೋ ಟೈಪಾಯಿತು. ಮುಂದಿನದು ಜಿಲ್ಲೆ. ಅವ್ವ ಹುಟ್ಟಿದಾಗ ಕೊಪ್ಪಳವು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿತ್ತು. ಆ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಪಾಠ ಮಾಡುವ ಹುಮ್ಮಸ್ಸಿನಲ್ಲಿ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಮೇಡಂ, ಕೊಪ್ಪಳ ಎಂದು ಹಾಕುತ್ತೇನೆ" ಎಂದ. ಅರವತ್ತು ದಾಟಿದವರಿಗೆ ಶುಲ್ಕದಲ್ಲಿ ನೂರಕ್ಕೆ ಹತ್ತು ವಿನಾಯಿತಿ ಇದೆ. 1,500 ರೂಪಾಯಿಯ ಜಾಗದಲ್ಲಿ 1,350 ಕಟ್ಟಿದೆವು. ಅವ್ವನಿಗೆ ಇಡೀ ಪ್ರಸಂಗದಲ್ಲಿ ಸಂತೋಷವಾದದ್ದು ಆ 150 ರೂಪಾಯಿಗೆ. ವಿಚಾರಣೆಗೆ ಮನೆಗೆ ಬಂದ ಪೊಲೀಸರು ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಕೂತು ಮೇಕೆಯ ಕಥೆ ಕೇಳಿ, ಚಹಾ ಕುಡಿದು ಹೋದರು.

ಪಾಸ್‌ಪೋರ್ಟ್ ಬಂದ ಮೇಲೆ ನಿಜವಾದ ತಯಾರಿ ಶುರುವಾಯಿತು. ಟ್ರಾವೆಲ್ ಏಜೆಂಟರೊಬ್ಬರನ್ನು ವಿಚಾರಿಸಿದ್ದೇ ತಪ್ಪಾಯಿತು, ದಿನಕ್ಕೆ ಮೂರು ಪೋಸ್ಟರ್ ವಾಟ್ಸ್‌ಆ್ಯಪ್‌ನಲ್ಲಿ ಬರತೊಡಗಿದವು. ಹಸಿರುನೀಲಿ ನೀರಿನ ಮೇಲೆ ಕಂಬಗಳ ಮೇಲೆ ನಿಂತ ಕುಟೀರಗಳು. ಒಂದು ರಾತ್ರಿಯ ಬಾಡಿಗೆ ನನ್ನ ಒಂದು ತಿಂಗಳ ಸಂಬಳ. ಅದನ್ನು ನೋಡಿ ನಮ್ಮವರು, "ಇಷ್ಟು ದುಡ್ಡು ಕೊಟ್ಟು ನಾನು ಅಲ್ಲಿ ನಿದ್ದೆ ಮಾಡುವುದಿಲ್ಲ, ರಾತ್ರಿಯಿಡೀ ಎದ್ದು ಕೂತು ಕೊಟ್ಟದ್ದನ್ನು ವಸೂಲಿ ಮಾಡುತ್ತೇನೆ" ಎಂದರು. ಆ ಪೋಸ್ಟರುಗಳಲ್ಲಿ ಒಂದರ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ಮುಳುಗುವ ಮುನ್ನ ಒಮ್ಮೆ ನೋಡಿ!

ಅದರ ಕೊನೆಯ ಆಶ್ಚರ್ಯಸೂಚಕ ಚಿಹ್ನೆ ನನ್ನ ಕಣ್ಣಿಗೆ ಮುಳ್ಳಿನಂತೆ ಚುಚ್ಚಿತು. ನಮ್ಮ ಕಡೆ ಯಾರ ಮನೆಯಲ್ಲಾದರೂ ಹಿರಿಯರು ಹಾಸಿಗೆ ಹಿಡಿದರೆ "ಒಮ್ಮೆ ನೋಡಿ ಹೋಗಿ" ಎಂದು ಹೇಳಿ ಕಳುಹಿಸುತ್ತಾರೆ. ಹೋದವರು ತಲೆದಿಂಬಿನ ಪಕ್ಕ ಕೂತು ಹಣೆ ಮುಟ್ಟುತ್ತಾರೆ. ಇಲ್ಲಿ ಅದೇ ಮಾತಿಗೆ ಬೆಳಗಿನ ತಿಂಡಿ ಉಚಿತ.

ನಾನೇನೂ ಸಾಚಾ ಅಲ್ಲ. "ಸಮುದ್ರಮಟ್ಟ ಏರಿದರೆ ಮುಳುಗುವ ಅಪಾಯವಿರುವ ದೇಶ ಯಾವುದು?" ಎಂಬುದು ನನ್ನ ತರಗತಿಯಲ್ಲಿ ವರ್ಷಗಳಿಂದ ಒಂದು ಅಂಕದ ಪ್ರಶ್ನೆ. ಉತ್ತರ ಬರೆದವರಿಗೆ ಅಂಕ ಕೊಟ್ಟು ಮುಂದಿನ ಪುಟಕ್ಕೆ ಹೋಗಿದ್ದೇನೆ. ಈಗ ಹೋಗುವುದೆಂದಾದ ಮೇಲೆ ಕೂತು ಓದಿದೆ. ಸುಮಾರು 1,200 ಹವಳದ ನಡುಗಡ್ಡೆಗಳು, ಜನವಸತಿ ಇರುವುದು ಇನ್ನೂರಕ್ಕಿಂತ ಕಡಿಮೆ ಕಡೆ. ನೆಲದ ಸರಾಸರಿ ಎತ್ತರ ಒಂದೂವರೆ ಮೀಟರ್, ಎಂದರೆ ಹೆಚ್ಚುಕಡಿಮೆ ನನ್ನ ತಲೆಯವರೆಗೆ ಬರಬಹುದು. ದೇಶದ ನೆಲವನ್ನೆಲ್ಲ ಕೂಡಿಸಿದರೆ ಸುಮಾರು 300 ಚದರ ಕಿಲೋಮೀಟರ್. ಈ ಅಂಕಿ ಓದಿ ನಿಂತುಬಿಟ್ಟೆ. ತುಂಗಭದ್ರಾ ಜಲಾಶಯ ಭರ್ತಿಯಾದಾಗ ನೀರು ಹರಡುವ ವಿಸ್ತಾರ, ಕಟ್ಟಿದಾಗಿನ ಲೆಕ್ಕದಂತೆ, ಸುಮಾರು 378 ಚದರ ಕಿಲೋಮೀಟರ್. ಮಕ್ಕಳಿಗೆ ಎಷ್ಟೋ ಸಲ ಬರೆಸಿದ ಅಂಕಿಯಿದು. ಒಂದು ಇಡೀ ದೇಶದ ನೆಲ ನಮ್ಮ ಡ್ಯಾಮಿನ ಹಿನ್ನೀರಿನಲ್ಲಿ ಹಿಡಿದು ಇನ್ನೂ ಜಾಗ ಉಳಿಯುತ್ತದೆ.

ಅವ್ವನಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಪರಿಹಾರ ಯಾರು ಕೊಡುತ್ತಾರೆ?" ಎಂದಳು.

ಈ ಪ್ರಶ್ನೆಯನ್ನು ದೊಡ್ಡ ದೊಡ್ಡವರು ದೊಡ್ಡ ದೊಡ್ಡ ಸಭೆಗಳಲ್ಲಿ ಕೇಳಿದ್ದಾರೆ. 2009ರ ಅಕ್ಟೋಬರ್ 17ರಂದು ಆಗಿನ ಅಧ್ಯಕ್ಷ ಮೊಹಮ್ಮದ್ ನಶೀದ್ ತಮ್ಮ ಸಚಿವ ಸಂಪುಟದ ಸಭೆಯನ್ನೇ ಕಡಲಿನ ತಳದಲ್ಲಿ ನಡೆಸಿದರು. ಮಂತ್ರಿಗಳು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ನೀರಿನೊಳಗೆ ಮೇಜು ಹಾಕಿ, ಕೈಸನ್ನೆಯಲ್ಲಿ ಮಾತಾಡಿ, ಸಹಿ ಹಾಕಿದರು. ಆ ಚಿತ್ರವನ್ನು ಅವ್ವನಿಗೆ ತೋರಿಸಿದಾಗ, ಮುಳುಗುವವರು ಕಾಗದಕ್ಕೆ ಸಹಿ ಹಾಕುವುದು ಎಲ್ಲ ಕಡೆಯೂ ಒಂದೇ ಎಂಬಂತೆ ತಲೆಯಾಡಿಸಿದಳು. ಅವಳ ಅಪ್ಪ ಹೆಬ್ಬೆಟ್ಟು ಒತ್ತಿದ್ದ.

ಆದರೆ ಓದುತ್ತ ಹೋದಂತೆ ನನ್ನ ಒಂದು ಅಂಕದ ಉತ್ತರವೇ ಅರೆಬರೆ ಎಂದೂ ತಿಳಿಯಿತು. ಆ ನಡುಗಡ್ಡೆಗಳು ಕಲ್ಲಿನಂತೆ ಕೂತಲ್ಲೇ ಕೂತಿಲ್ಲ. ಅಲೆ ಒಂದು ಬದಿಯ ಮರಳನ್ನು ಕೊರೆದು ಇನ್ನೊಂದು ಬದಿಗೆ ಪೇರಿಸುತ್ತದೆ. ಹಲವು ನಡುಗಡ್ಡೆಗಳು ಈಚಿನ ದಶಕಗಳಲ್ಲಿ ಕುಗ್ಗಿಲ್ಲ, ಕೆಲವು ಹಿಗ್ಗಿವೆ ಎಂದು ಅಳೆದು ನೋಡಿದವರಿದ್ದಾರೆ. ಅವುಗಳ ಹುಟ್ಟೇ ಮುಳುಗಡೆಯದು ಎಂದು 1842ರಲ್ಲಿ ಚಾರ್ಲ್ಸ್ ಡಾರ್ವಿನ್ ವಿವರಿಸಿದ್ದ. ಕಡಲಿನ ನಡುವಿನ ಜ್ವಾಲಾಮುಖಿ ಬೆಟ್ಟ ನಿಧಾನವಾಗಿ ಕುಸಿಯುತ್ತ ಹೋಗುತ್ತದೆ, ಅದರ ಸುತ್ತ ಕಟ್ಟಿದ ಹವಳ ಬೆಳಕಿಗಾಗಿ ಮೇಲೇರುತ್ತ ಹೋಗುತ್ತದೆ, ಬೆಟ್ಟ ಪೂರ್ತಿ ಮರೆಯಾದ ಮೇಲೆ ಉಳಿಯುವುದು ನೀರಿನ ಮೇಲಿನ ಒಂದು ಬಳೆ. ಆ ಬಳೆಗೆ ಪ್ರಪಂಚವೆಲ್ಲ ಕರೆಯುವ "ಅಟಾಲ್" ಎಂಬ ಹೆಸರು ಮಾಲ್ಡೀವ್ಸಿನವರ ದಿವೇಹಿ ಭಾಷೆಯದೇ. ಹವಳ ಬದುಕಿರುವವರೆಗೆ ಬಳೆ ಇರುತ್ತದೆ. ತೊಂದರೆ ಇರುವುದು ಅಲ್ಲೇ. 1998ರಲ್ಲೂ 2016ರಲ್ಲೂ ಕಡಲು ಕಾದು ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತು. ಜನರಂತೂ ಕೈಕಟ್ಟಿ ಕೂತಿಲ್ಲ. ರಾಜಧಾನಿ ಮಾಲೆಯ ಪಕ್ಕದಲ್ಲಿ ಕಡಲನ್ನೇ ತುಂಬಿ ಹುಲುಮಾಲೆ ಎಂಬ ಎತ್ತರದ ಹೊಸ ನಡುಗಡ್ಡೆ ಕಟ್ಟಿದ್ದಾರೆ. 2018ರಿಂದ ಮಾಲೆಗೂ ವಿಮಾನ ನಿಲ್ದಾಣಕ್ಕೂ ನಡುವೆ ಸೇತುವೆ ಇದೆ.

ಅವ್ವನಿಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಒಂದು ಊರಿನ ಕಥೆ. ಕಂದೊಲುದೂ ಎಂಬ ಪುಟ್ಟ ನಡುಗಡ್ಡೆ, ಮೂರು ಸಾವಿರಕ್ಕೂ ಹೆಚ್ಚು ಜನ ಒತ್ತೊತ್ತಾಗಿ ಬದುಕಿದ್ದರು. 2004ರ ಡಿಸೆಂಬರ್ 26ರ ಸುನಾಮಿ ಅದನ್ನು ಬಾಳಲು ಬಾರದಂತೆ ಮಾಡಿತು. ನಾಲ್ಕು ವರ್ಷ ಅಲ್ಲಿ ಇಲ್ಲಿ ಶಿಬಿರಗಳಲ್ಲಿ ಕಳೆದು, ಜನರೆಲ್ಲ ದುವಾಫರು ಎಂಬ, ಅಲ್ಲಿಯವರೆಗೆ ಯಾರೂ ಇರದ ನಡುಗಡ್ಡೆಗೆ ಒಕ್ಕಲು ಹೋದರು. ಸಾಲಾಗಿ ಕಟ್ಟಿದ ಒಂದೇ ಥರದ ಮನೆಗಳು. ಚಿತ್ರ ನೋಡಿದ ಅವ್ವ, "ಪುನರ್ವಸತಿ" ಎಂದಳು. ನಮ್ಮ ಓಣಿಯ ಹೆಣ್ಣುಮಕ್ಕಳ ಬಾಯಲ್ಲಿ ಆ ಪದ ಸಲೀಸಾಗಿ ಬರುತ್ತದೆ, ಉಪ್ಪು ಎಂದಂತೆ.

"ಹೊಸ ಊರಿಗೆ ಹಳೆಯ ಹೆಸರು ಇಡಲಿಲ್ಲವಾ?"

"ಇಲ್ಲ ಅವ್ವ. ಆ ನಡುಗಡ್ಡೆಗೆ ಮೊದಲೇ ಹೆಸರಿತ್ತು."

"ಇಡಬೇಕಿತ್ತು" ಎಂದಳು.

ರೆಸಾರ್ಟ್ ಬೇಡವೆಂದು ನಿರ್ಧಾರವಾದದ್ದು ಆ ರಾತ್ರಿ. ಯಾವ ದೊಡ್ಡ ತತ್ತ್ವಕ್ಕೂ ಅಲ್ಲ, ದುಡ್ಡಿಗಾಗಿಯೇ. ಆದರೆ ಅವ್ವನೂ ಒಂದು ಷರತ್ತು ಹಾಕಿದಳು: ಊರಿರುವ ನಡುಗಡ್ಡೆಗೆ ಹೋಗೋಣ, ಮನೆ, ಬಾವಿ, ಶಾಲೆಗೆ ಹೋಗುವ ಮಕ್ಕಳು ಇರಬೇಕು. ಅಲ್ಲಿ ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. ಆಮೇಲೆ ಬಹುಕಾಲ ಪ್ರವಾಸಿಗಳನ್ನು ಜನವಸತಿಯಿಲ್ಲದ ನಡುಗಡ್ಡೆಗಳಲ್ಲಿ ಪ್ರತ್ಯೇಕವಾಗಿಯೇ ಇರಿಸುವ ಪದ್ಧತಿ ನಡೆದು ಬಂತು. ಊರಿನವರು ತಮ್ಮ ಮನೆಯ ಪಕ್ಕದಲ್ಲೇ ಅತಿಥಿಗೃಹ ನಡೆಸುವ ದಾರಿ ತೆರೆದದ್ದು 2009ರ ನಂತರ. ಮಾಲೆಯಿಂದ ಸುಮಾರು 27 ಕಿಲೋಮೀಟರ್ ದೂರದ ಮಾಫುಶಿ ಆ ದಾರಿಯಲ್ಲಿ ಮುಂದೆ ನಡೆದ ಊರು. ದೇಶದ ಮುಖ್ಯ ಜೈಲು ಇರುವುದೂ ಅಲ್ಲೇ. ನಮ್ಮವರು ಈ ವಿಷಯ ತಿಳಿದಾಗಿನಿಂದ ಸಿಕ್ಕವರಿಗೆಲ್ಲ, "ರಜೆಯಲ್ಲಿ ಜೈಲಿಗೆ ಹೋಗುತ್ತಿದ್ದೇವೆ" ಎಂದು ಹೇಳುತ್ತ ತಿರುಗುತ್ತಿದ್ದಾರೆ.

ಖರ್ಚಿನಲ್ಲಿ ಕಣ್ಣಿಗೆ ಕಾಣದೆ ಕಡಿಯುವ ಬಾಬತ್ತುಗಳಿವೆ. ಪ್ರವಾಸಿಗಳಿಗೆ ಹಸಿರು ತೆರಿಗೆ ಇದೆ. ನಾವು ವಿಚಾರಿಸಿದಾಗ ಊರಿನ ಸಣ್ಣ ಅತಿಥಿಗೃಹಗಳಲ್ಲಿ ತಲೆಗೆ ದಿನಕ್ಕೆ 6 ಡಾಲರ್, ರೆಸಾರ್ಟುಗಳಲ್ಲಿ 12 ಡಾಲರ್ ಇತ್ತು. ಸಮುದ್ರ ವಿಮಾನದ ಆಸೆ ಮಗಳಿಗಿತ್ತು. ಅದು ಹಗಲಲ್ಲಿ ಮಾತ್ರ ಹಾರುತ್ತದೆ, ದರ ಕೇಳಿದ ಮೇಲೆ ಹಗಲಲ್ಲೂ ಬೇಡವೆಂದಾಯಿತು. ಮಾಲೆಯಿಂದ ಸರ್ಕಾರಿ ದೋಣಿ ಅಗ್ಗ, ಆದರೆ ಶುಕ್ರವಾರ ಓಡುವುದಿಲ್ಲ. ಅಲ್ಲಿ ಶುಕ್ರವಾರ ರಜೆಯ ದಿನ. ಶುಕ್ರವಾರ ಮನೆ ಬಿಟ್ಟು ಹೊರಡಬಾರದೆಂಬುದು ಅವ್ವನ ನಿಯಮವೂ ಆಗಿರುವುದರಿಂದ ಎರಡು ದೇಶಗಳ ನಡುವೆ ಈ ವಿಷಯದಲ್ಲಿ ತಕರಾರು ಬರಲಿಲ್ಲ. ತಿಂಗಳು ಏಪ್ರಿಲ್. ನನ್ನ ಪರೀಕ್ಷೆಯ ಕೆಲಸ ಮುಗಿದಿರುತ್ತದೆ, ಅಲ್ಲಿ ನೈಋತ್ಯ ಮಾನ್ಸೂನು ಇನ್ನೂ ಹಿಡಿದಿರುವುದಿಲ್ಲ, ಕೊಪ್ಪಳ ಕಾದ ಹೆಂಚಾಗಿರುತ್ತದೆ. ಊಟದ ಚಿಂತೆ ನಮ್ಮವರದು. ಅಲ್ಲಿ ಬೆಳಗ್ಗೆ ಮೀನು, ಕೊಬ್ಬರಿತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿ ಚಪಾತಿಯಂಥದರ ಜೊತೆ ತಿನ್ನುತ್ತಾರೆ, ಅದಕ್ಕೆ "ರೋಶಿ" ಎನ್ನುತ್ತಾರೆ ಎಂದು ಮಗಳು ಹೇಳಿದಳು. "ರೊಟ್ಟಿ ಎಂದೇ ಅಲ್ಲವೇ, ಬದುಕಿದೆವು" ಎಂದರು. ಆದರೂ ಕಟಕ ಜೋಳದ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪಟ್ಟಿಯಲ್ಲಿವೆ.

ನೀರಿನ ಬಗ್ಗೆ ಮಾತ್ರ ಅವ್ವನಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಅಷ್ಟು ನೀರಿರುವ ದೇಶದಲ್ಲಿ ಒಂದೂ ಹೊಳೆಯಿಲ್ಲ ಎಂಬುದು ಅವಳಿಗೆ ಒಪ್ಪಿಗೆಯಾಗಲೇ ಇಲ್ಲ. ಮಳೆಯ ನೀರನ್ನು ತೊಟ್ಟಿಗಳಲ್ಲಿ ಹಿಡಿಯುತ್ತಾರೆ, ಮಿಕ್ಕದ್ದಕ್ಕೆ ಕಡಲ ನೀರಿನ ಉಪ್ಪು ತೆಗೆಯುತ್ತಾರೆ ಎಂದೆ. ಹೇಗೆ ಎಂದಳು. ನಮ್ಮ ಓಣಿಯ ಶುದ್ಧ ನೀರಿನ ಘಟಕ ತೋರಿಸಿದೆ. ಕೊಪ್ಪಳ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನಾವು ನಾಣ್ಯ ಹಾಕಿ ಕ್ಯಾನ್ ತುಂಬಿಕೊಳ್ಳುವ ಆ ಯಂತ್ರ ಒತ್ತಡ ಹಾಕಿ ನೀರನ್ನು ತೆಳು ಪೊರೆಯಿಂದ ಹಾಯಿಸುವಂತೆಯೇ ಅಲ್ಲಿಯೂ ಹಾಯಿಸುತ್ತಾರೆ, ಪ್ರಮಾಣ ದೊಡ್ಡದು ಅಷ್ಟೇ. ನಮ್ಮ ಘಟಕ ಕೆಟ್ಟಾಗ ಓಣಿಯವರು ಕ್ಯಾನ್ ಹಿಡಿದು ಮುಂದಿನ ಬಡಾವಣೆಗೆ ನಡೆಯುತ್ತೇವೆ. 2014ರ ಡಿಸೆಂಬರ್ 4ರಂದು ಮಾಲೆಯ ಘಟಕಕ್ಕೆ ಬೆಂಕಿ ಬಿದ್ದಾಗ ಅವರು ನಡೆದು ಹೋಗಲು ಮುಂದಿನ ಬಡಾವಣೆ ಇರಲಿಲ್ಲ. ನಗರದ ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ನಿಂತಿತು. ಭಾರತ ವಾಯುಪಡೆಯ ವಿಮಾನಗಳಲ್ಲಿ, ನೌಕಾಪಡೆಯ ಹಡಗುಗಳಲ್ಲಿ ಕುಡಿಯುವ ನೀರು ಕಳುಹಿಸಿತು. ವಿಮಾನದಲ್ಲಿ ನೀರು ಹೋಯಿತು ಎಂದಾಗ ಅವ್ವ, ಒಂದು ಬಾಟಲಿ ತನ್ನ ಚೀಲದಲ್ಲೂ ಇರಲಿ ಎಂದಳು.

ಇನ್ನು ಉಳಿದದ್ದು ಹುಲಿಗೆಮ್ಮನ ಪ್ರಶ್ನೆ. ಇದು ಎಲ್ಲಕ್ಕಿಂತ ಕಠಿಣವಾಯಿತು.

ಅವ್ವ ಎಲ್ಲಿ ಹೋದರೂ ಒಂದು ತಗಡಿನ ಡಬ್ಬಿ ಹೋಗುತ್ತದೆ. ಅದರಲ್ಲಿ ಅಂಗೈಗಿಂತ ಚಿಕ್ಕದಾದ ಹುಲಿಗೆಮ್ಮನ ಬೆಳ್ಳಿಯ ಮುಖ, ಭಂಡಾರ, ಒಂದು ಹಿಡಿ ಕವಡೆ. ಮುಳುಗಡೆಯ ಮನೆಯಿಂದ ಬಂದವುಗಳಲ್ಲಿ ಚೌಕಟ್ಟು ಗೆದ್ದಲು ತಿಂದು ಹೋಯಿತು, ಡಬ್ಬಿ ಉಳಿದಿದೆ. ಗಂಗಾವತಿಯ ಅಣ್ಣನ ಮನೆಗೆ ಹೋದರೂ ಡಬ್ಬಿ ಮೊದಲು ಒಳಗೆ ಹೋಗುತ್ತದೆ, ಅವ್ವ ಆಮೇಲೆ. ಮಾಲ್ಡೀವ್ಸಿಗೆ ಪೂಜೆಯ ವಿಗ್ರಹ ಒಯ್ಯುವಂತಿಲ್ಲ. ಮದ್ಯ, ಹಂದಿಮಾಂಸದ ಜೊತೆಗೆ ಅದೂ ನಿಷಿದ್ಧ ವಸ್ತುಗಳಲ್ಲಿ ಇದೆ. ಅವರ ದೇಶ, ಅವರ ಕಾನೂನು. ಅದರ ಬಗ್ಗೆ ನನಗೆ ವಾದವಿಲ್ಲ. ಅವ್ವನಿಗೆ ಹೇಳುವ ಧೈರ್ಯವಷ್ಟೇ ಇರಲಿಲ್ಲ. ಎರಡು ವಾರ ಮುಂದೂಡಿದೆ. "ಚೀಲದ ತಳದಲ್ಲಿ ಇಟ್ಟುಬಿಡು, ಯಾರು ನೋಡುತ್ತಾರೆ" ಎಂದು ನಮ್ಮವರು ಸಲಹೆ ಕೊಟ್ಟರು. ದೇವಿಯನ್ನು ಕಳ್ಳಮಾಲಿನಂತೆ ಸಾಗಿಸಿದ್ದು ಗೊತ್ತಾದರೆ ಅವ್ವ ನಮ್ಮನ್ನು ಯಾವ ಸುಂಕದ ಅಧಿಕಾರಿಗೂ ಬಿಟ್ಟುಕೊಡದೆ ತಾನೇ ವಿಚಾರಿಸಿಕೊಳ್ಳುತ್ತಿದ್ದಳು.

ಕಡೆಗೆ ದಾರಿ ತೋರಿಸಿದ್ದು ಆ ಕವಡೆಗಳು. ನಮ್ಮ ಕಡೆ ಕವಡೆ ಯಾರಿಗೆ ಗೊತ್ತಿಲ್ಲ? ಹುಲಿಗಿಗೆ ಹುಣ್ಣಿಮೆಯ ದಿನ ಹೋದರೆ ಜೋಗಮ್ಮಂದಿರ ಕೊರಳಲ್ಲಿ ಕವಡೆಸರ, ಅಂಗಡಿಗಳಲ್ಲಿ ಸಾಲುಸಾಲು ಕವಡೆ. ಅವ್ವ ಮಧ್ಯಾಹ್ನ ಕಟ್ಟೆಯ ಮೇಲೆ ಚೌಕಾಬಾರ ಆಡುವುದು ಅವುಗಳಿಂದಲೇ. ಬೆಲೆಯಿಲ್ಲದ್ದಕ್ಕೆ "ಕವಡೆ ಕಾಸಿನ ಕಿಮ್ಮತ್ತಿಲ್ಲ" ಎನ್ನುತ್ತೇವೆ. ಕಡಲು ಇನ್ನೂರು ಕಿಲೋಮೀಟರಿಗೂ ಆಚೆ ಇರುವ ಈ ಎರೆಮಣ್ಣಿನ ಸೀಮೆಗೆ ಕಡಲಹುಳದ ಚಿಪ್ಪು ಹೇಗೆ ಬಂತೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಪ್ರವಾಸದ ನೆಪದಲ್ಲಿ ಓದುವಾಗ ಸಿಕ್ಕಿತು: ಶತಮಾನಗಳ ಕಾಲ ಹಣವಾಗಿ ಚಲಾವಣೆಯಲ್ಲಿದ್ದ ಕವಡೆಯ ದೊಡ್ಡ ಕಣಜ ಮಾಲ್ಡೀವ್ಸೇ. ಹೊನ್ನಾವರದಲ್ಲಿ ಕೆಲಕಾಲ ಇದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1343ರ ಸುಮಾರಿಗೆ ಅಲ್ಲಿಗೆ ಹೋಗಿ ಕಾಜಿಯಾಗಿದ್ದ. ಕಡಲಿನಿಂದ ಈ ಹುಳಗಳನ್ನು ಹೆಕ್ಕಿ, ಗುಂಡಿಯಲ್ಲಿ ಹಾಕಿ, ಮಾಂಸ ಕೊಳೆತು ಹೋದ ಮೇಲೆ ಉಳಿಯುವ ಬಿಳಿಯ ಚಿಪ್ಪನ್ನು ಅಲ್ಲಿನವರು ಹಣದಂತೆ ಬಳಸುತ್ತಾರೆ, ಬಂಗಾಳದವರಿಗೆ ಕೊಟ್ಟು ಅಕ್ಕಿ ಕೊಳ್ಳುತ್ತಾರೆ ಎಂದು ಬರೆದಿದ್ದಾನೆ. ಅಲ್ಲಿಂದ ಯಾವ ಹಡಗು, ಯಾವ ಎತ್ತಿನ ಹೇರು, ಯಾವ ಸಂತೆ ಹಾಯ್ದು ಅವು ಹೊಳೆಯ ದಂಡೆಯ ಗುಡಿಗಳನ್ನು ಮುಟ್ಟಿದವೋ! ಡಬ್ಬಿಯೊಳಗಿನ ಇವೇ ನಾಲ್ಕಾರು ಅಲ್ಲಿಯವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಅವ್ವನಿಗೆ ಹೇಳುವಾಗ ಅಷ್ಟು ಎಚ್ಚರ ವಹಿಸಲಿಲ್ಲ.

ಒಂದು ಸಂಜೆ ಆಟ ಮುಗಿದು ಕವಡೆ ಬಾಚುವಾಗ ಹೇಳಿದೆ. ಅವ್ವ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಬೆನ್ನು ಹಳದಿಗಟ್ಟಿ ನುಣುಪಾಗಿದೆ, ಹೊಟ್ಟೆಯ ಸೀಳಿನ ಹಲ್ಲುಗಳು ಸವೆದಿವೆ. ಮೂರು ತಲೆಮಾರಿನ ಬೆರಳು ಆಡಿದ ಕವಡೆ.

"ಇದರ ಊರು ಅದಾ?"

"ಹೌದು ಅವ್ವ."

"ಈಗಲೂ ಇದೆಯಾ ಅಲ್ಲಿ?"

"ಇದೆ."

ಅವಳು ಆಮೇಲೆ ಕೇಳಿದ್ದು ಶುದ್ಧ ವ್ಯಾಪಾರದ ಮಾತು. ಅಲ್ಲಿ ಅಗ್ಗವಿದ್ದರೆ ಒಂದು ಚೀಲ ತಂದು ಹುಲಿಗಿಯ ಅಂಗಡಿಯವರಿಗೆ ಕೊಡಬಹುದಲ್ಲ ಎಂದಳು. ಹವಳದ ಚೂರು, ಆಮೆಯ ಚಿಪ್ಪು ತರುವುದು ಅಲ್ಲಿ ಅಪರಾಧ, ಕಡಲಿನದು ಏನನ್ನೂ ಹೆಕ್ಕಿ ತರುವುದು ಬೇಡ ಎಂದೆ. ಅದೇ ಉಸಿರಿನಲ್ಲಿ ವಿಗ್ರಹದ ವಿಷಯವನ್ನೂ ಹೇಳಿಬಿಟ್ಟೆ. ಹೇಳಿ ತಲೆ ಎತ್ತಲಿಲ್ಲ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಬೀದಿದೀಪ ಹತ್ತಿತು. ಪಕ್ಕದ ಮನೆಯವರು ಕುಕ್ಕರ್ ಇಟ್ಟರು.

"ತಾಯಿ ಇಲ್ಲೇ ಇರಲಿ. ನಿಮ್ಮ ಅಣ್ಣನ ಹೆಂಡತಿ ನಾಲ್ಕು ದಿನ ದೀಪ ಹಚ್ಚುತ್ತಾಳೆ" ಎಂದಳು ಕೊನೆಗೆ. "ಮುಳುಗಡೆಯಲ್ಲೂ ಮೊದಲು ಅವಳನ್ನೇ ಕಳುಹಿಸಿ ನಾವು ಹಿಂದಿನಿಂದ ಬಂದೆವು. ಈಗ ನಾವು ಹೋಗಿ ಬರುತ್ತೇವೆ, ಅವಳು ಮನೆ ನೋಡಿಕೊಳ್ಳಲಿ."

ಮರುದಿನ ಬೆಳಗ್ಗೆ ನೋಡಿದರೆ ಬಲಗೈಗೆ ಕರಿದಾರದಲ್ಲಿ ಒಂದು ಕವಡೆ ಕಟ್ಟಿಕೊಂಡಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು.

"ಇದು ದೇವರಲ್ಲ, ಚಿಪ್ಪು. ಯಾರಾದರೂ ತಡೆದು ಕೇಳಿದರೆ, ನಿಮ್ಮ ಊರಿನದೇ, ತವರಿಗೆ ಬಂದಿದೆ ಎಂದು ಹೇಳು. ಅವರ ಮಾತಿನಲ್ಲಿ ಹೇಗೆ ಹೇಳುವುದೋ ಕಲಿತುಕೋ."

ದಿವೇಹಿಯಲ್ಲಿ ತವರಿಗೆ ಏನೆನ್ನುತ್ತಾರೋ ಮಗಳು ಹುಡುಕುತ್ತಿದ್ದಾಳೆ. ಆ ಲಿಪಿ ಬಲದಿಂದ ಎಡಕ್ಕೆ ಓಡುತ್ತದೆ, ಓದುವುದು ಹಾಗಿರಲಿ, ಎಲ್ಲಿ ಮುಗಿಯಿತೆಂದೂ ತಿಳಿಯುವುದಿಲ್ಲ. ಹಂಪಿ ಎಕ್ಸ್‌ಪ್ರೆಸ್ ಟಿಕೆಟಿಗೆ ಆನ್‌ಲೈನ್ ಅಂಗಡಿಯ ಹುಡುಗನಿಗೆ ಹೇಳಿಟ್ಟಿದ್ದೇನೆ. ಅವನು ಅವ್ವನ ಪಾಸ್‌ಪೋರ್ಟನ್ನು ತಿರುವಿ, ಜನ್ಮಸ್ಥಳದ ಸಾಲನ್ನು ಬೆರಳಿಟ್ಟು ಓದಿ, ಅಕ್ಷರ ಸರಿಯಾಗಿ ಬಿದ್ದಿದೆ ಎಂದು ಸಮಾಧಾನಪಟ್ಟ. ಅವ್ವನಿಗೆ ಅದರ ಗೊಡವೆಯೇ ಇರಲಿಲ್ಲ. ಕೆಳಗಿನ ಬರ್ತ್ ಸಿಗುತ್ತದೋ ಇಲ್ಲವೋ ಎಂದು ಎರಡು ಸಲ ಕೇಳಿದಳು.